ಲೇಸರ್ ಚಿಕಿತ್ಸೆಗೆ ಮೊದಲು ಕಾರ್ನಿಯಾದ ಲೆಕ್ಕ ಕೇಳಿ

ಮೈನಸ್ ನಂಬರಿನ ಕನ್ನಡಕ ಧರಿಸಿ ಮಲೆನಾಡಿನ ಮಳೆಯಲ್ಲಿ ತೋಟ ಸುತ್ತಿದವರಿಗೆ, ಅದನ್ನು ಶಾಶ್ವತವಾಗಿ ತೆಗೆದಿಡುವ ಆಸೆ ಹುಟ್ಟುವುದು ಸಹಜ. ಆದರೆ ತೀರ್ಥಹಳ್ಳಿಯಿಂದಲೋ ಸಾಗರದಿಂದಲೋ ಶಿವಮೊಗ್ಗದ ಬಸ್ಸು ಹತ್ತುವಾಗ ‘ಯಾವ ಲೇಸರ್ ಒಳ್ಳೆಯದು’ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ‘ನನ್ನ ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಯಾವುದನ್ನು ತಾಳಿಕೊಳ್ಳುತ್ತದೆ’ ಎಂದು ಕೇಳುವುದು ಸರಿಯಾದ ಕ್ರಮ.

ಹದಿನೆಂಟು ವರ್ಷ ತುಂಬಿರಬೇಕು. ಕನಿಷ್ಠ ಒಂದು ವರ್ಷದಿಂದ ನಂಬರು ಹೆಚ್ಚುಕಡಿಮೆ ಬದಲಾಗಿರಬಾರದು. ಗರ್ಭಿಣಿಯರು ಮತ್ತು ಎದೆಹಾಲುಣಿಸುವ ತಾಯಂದಿರು ಮುಂದೂಡುವುದು ಒಳಿತು. ಕಾಂಟ್ಯಾಕ್ಟ್ ಲೆನ್ಸ್ ಕಾರ್ನಿಯಾದ ಆಕಾರವನ್ನು ತಾತ್ಕಾಲಿಕವಾಗಿ ಬದಲಿಸುವುದರಿಂದ, ಮೃದು ಲೆನ್ಸನ್ನು ತಪಾಸಣೆಗೆ ಒಂದೆರಡು ವಾರ ಮೊದಲೇ ನಿಲ್ಲಿಸಬೇಕು. ಗಟ್ಟಿ ಲೆನ್ಸಾದರೆ ಇನ್ನೂ ಮೊದಲೇ.

ಲೇಸರ್ ಕಾರ್ನಿಯಾದ ಒಂದಿಷ್ಟು ಅಂಶವನ್ನು ತೆಗೆದು ಅದನ್ನು ಚಪ್ಪಟೆಯಾಗಿಸುತ್ತದೆ. ಕಾರ್ನಿಯಾದ ನಡುಭಾಗದ ದಪ್ಪ ಸಾಮಾನ್ಯವಾಗಿ 540 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಆಸುಪಾಸಿನಲ್ಲಿರುತ್ತದೆ, ಒಂದು ನಂಬರು ಇಳಿಸಲು ಸ್ಥೂಲವಾಗಿ 15 ಮೈಕ್ರಾನ್ ಹೋಗುತ್ತದೆ. ಮೈನಸ್ 6 ಇರುವವರು ಮೇಲಿನ ಪದರವನ್ನು ಎತ್ತಿ ಅಡಿಗೆ ಲೇಸರ್ ಹಾಯಿಸುವ ಲಾಸಿಕ್ ಮಾಡಿಸಿಕೊಂಡರೆ, ಮುಚ್ಚಳದಂತೆ ಎತ್ತುವ ಆ ಪದರಕ್ಕೆ ಸುಮಾರು 110, ಲೇಸರಿಗೆ 90 ಕಳೆದು 340 ಉಳಿಯುತ್ತದೆ. ಅದೇ ನಂಬರಿಗೆ 480 ಮೈಕ್ರಾನಿನ ಕಾರ್ನಿಯಾ ಇದ್ದರೆ ಉಳಿಯುವುದು 280 ಮಾತ್ರ. 250ಕ್ಕಿಂತ ಕಡಿಮೆ ಉಳಿಸಲೇಬಾರದು. 300 ಉಳಿದರೆ ಸಮಾಧಾನ. ಆದ್ದರಿಂದ ವೈದ್ಯರ ಬಳಿ ಕುಳಿತು ನಿಮ್ಮ ಅಳತೆಯಲ್ಲಿ ಈ ಕಳೆಯುವ ಲೆಕ್ಕವನ್ನು ಮಾಡಿಸಿಯೇ ಏಳಿ.

ದಪ್ಪದಷ್ಟೇ ಮುಖ್ಯವಾದದ್ದು ಆಕಾರ. ಕಾರ್ನಿಯಾ ಕೋನಿನಂತೆ ಮುಂದೆ ಚಾಚಿಕೊಳ್ಳುವ ಕೆರಟೋಕೋನಸ್ ಎಂಬ ತೊಂದರೆಯ ಸಣ್ಣ ಸುಳಿವಿದ್ದರೂ ಲಾಸಿಕ್ ಅದನ್ನು ಉಲ್ಬಣಗೊಳಿಸಬಹುದು. ಕಣ್ಣು ಸದಾ ತುರಿಸಿ ಉಜ್ಜಿಕೊಳ್ಳುವ ಅಭ್ಯಾಸವಿದ್ದರೆ ಅದನ್ನು ಮುಚ್ಚಿಡದೆ ಹೇಳಿ, ಕಾರ್ನಿಯಾದ ನಕ್ಷೆ ತೆಗೆಯದೆ ದಿನ ಗೊತ್ತುಮಾಡುವ ಕಡೆ ಹಣ ಕಟ್ಟಬೇಡಿ.

ಇನ್ನು ವಿಧಾನಗಳು. ಲಾಸಿಕ್‌ನಲ್ಲಿ ಮರುದಿನವೇ ಬಹುತೇಕ ಸ್ಪಷ್ಟವಾಗಿ ಕಾಣುತ್ತದೆ, ನೋವೂ ಕಡಿಮೆ. ಆದರೆ ಆ ಮುಚ್ಚಳದ ಪದರ ಪೂರ್ತಿ ಹಿಂದಿನಷ್ಟು ಗಟ್ಟಿಯಾಗಿ ಅಂಟಿಕೊಳ್ಳುವುದಿಲ್ಲ. ಜೋರಾದ ಪೆಟ್ಟಿಗೆ ವರ್ಷಗಳ ಮೇಲೂ ಸರಿದ ಉದಾಹರಣೆಗಳಿವೆ. ಹಾಲು ಕರೆಯುವಾಗ ಹಸುವಿನ ಬಾಲದ ಏಟು, ಕೊನೆ ಇಳಿಸುವಾಗ ಹಾರಿಬರುವ ಅಡಿಕೆ ಇವೆಲ್ಲ ನಿತ್ಯದ ಸಂಗತಿಗಳಾಗಿರುವ ಮನೆಗಳಲ್ಲಿ ಇದನ್ನು ಗಂಭೀರವಾಗಿ ತೂಗಿ ನೋಡಬೇಕು.

ಪಿಆರ್‌ಕೆ ಎಂಬ ಇನ್ನೊಂದು ಲೇಸರ್ ವಿಧಾನದಲ್ಲಿ ಮುಚ್ಚಳವೇ ಇಲ್ಲ. ಮೇಲ್ಪದರವನ್ನು ಸವರಿ ತೆಗೆಯುತ್ತಾರೆ, ಅದು ಮತ್ತೆ ಬೆಳೆಯುತ್ತದೆ. ಕೆಲವು ದಿನ ನೋವು, ಉರಿ, ನೀರು ಸುರಿಯುವುದು ಇರುತ್ತದೆ. ದೃಷ್ಟಿ ನಿಖರವಾಗಲು ವಾರಗಳೇ ಬೇಕು, ತಿಂಗಳುಗಳವರೆಗೆ ಬಿಸಿಲಿಗೆ ಕಪ್ಪು ಕನ್ನಡಕ ಧರಿಸಬೇಕು. ತೆಳು ಕಾರ್ನಿಯಾದವರಿಗೂ ತೋಟದ ಕೆಲಸದವರಿಗೂ, ಆ ನೋವನ್ನು ಸಹಿಸುವ ಮನಸ್ಸಿದ್ದರೆ, ನಾನು ಇದನ್ನೇ ಮೊದಲು ವಿಚಾರಿಸಲು ಹೇಳುತ್ತೇನೆ. ಸ್ಮೈಲ್ ವಿಧಾನದಲ್ಲಿ ಎರಡರಿಂದ ನಾಲ್ಕು ಮಿಲಿಮೀಟರಿನ ಸಣ್ಣ ಸೀಳಿನಿಂದ, ಕಾರ್ನಿಯಾದೊಳಗೆ ಲೇಸರ್ ಕತ್ತರಿಸಿದ ತೆಳುಬಿಲ್ಲೆಯನ್ನು ಹೊರತೆಗೆಯುತ್ತಾರೆ. ಕಣ್ಣು ಒಣಗುವ ಬಾಧೆ ಮೊದಲ ತಿಂಗಳುಗಳಲ್ಲಿ ಲಾಸಿಕ್‌ಗಿಂತ ಕಡಿಮೆ, ಖರ್ಚು ಸಾಮಾನ್ಯವಾಗಿ ಹೆಚ್ಚು. ನಂಬರು ಬಹಳ ಹೆಚ್ಚಿದ್ದರೆ ಕಾರ್ನಿಯಾ ಮುಟ್ಟದೆ ಕಣ್ಣೊಳಗೆ ಲೆನ್ಸ್ ಕೂರಿಸುವ ಐಸಿಎಲ್ ಇದೆ. ಅದು ಲೇಸರ್ ಅಲ್ಲ.

ದಿನ ಗೊತ್ತುಮಾಡುವಾಗ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಮಳೆಗಾಲದ ವಾರಗಳನ್ನೂ ಅಡಿಕೆ ಸುಲಿಯುವ ಸುಗ್ಗಿಯನ್ನೂ ಬಿಡಿ. ಮೈಲುತುತ್ತ-ಸುಣ್ಣದ ಹನಿ ಗಾಯದ ಕಣ್ಣಿಗೆ ಬೀಳಬಾರದು. ಮರುದಿನದ ತಪಾಸಣೆಗೆ ಮತ್ತೆ ಹೋಗಬೇಕಾಗುವುದರಿಂದ ಆ ರಾತ್ರಿ ಊರಿಗೆ ಮರಳದೆ ಪೇಟೆಯಲ್ಲೇ ಉಳಿಯುವುದು ಕ್ಷೇಮ.

ನಂಬರು ಹೋದರೂ ಮೈನಸ್ ಕಣ್ಣಿನ ಹೆಚ್ಚಿನ ಉದ್ದ ಹಾಗೆಯೇ ಇರುತ್ತದೆ. ಆ ಉದ್ದದಿಂದಾಗಿ ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾ ಹರಿಯುವ ಅಪಾಯ ಲೇಸರಿನಿಂದ ಕಡಿಮೆಯಾಗುವುದಿಲ್ಲ, ಆದ್ದರಿಂದ ವರ್ಷಕ್ಕೊಮ್ಮೆ ತೋರಿಸಬೇಕು. ನಲವತ್ತು ದಾಟಿದ ಮೇಲೆ ಓದುವ ಕನ್ನಡಕ ಬಂದೇ ಬರುತ್ತದೆ. ಮುಂದೆ ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ ಲೆನ್ಸಿನ ಲೆಕ್ಕ ಹಾಕಲು ಲೇಸರ್‌ಗೆ ಮುಂಚಿನ ಅಳತೆಗಳು ನೆರವಾಗುವುದರಿಂದ, ಆ ವರದಿಯ ಪ್ರತಿಯನ್ನು ಕೇಳಿ ಪಡೆದು ಜಮೀನಿನ ಪತ್ರಗಳ ಜೊತೆಯಲ್ಲೇ ಇಟ್ಟುಕೊಳ್ಳಿ.