ಕಪ್ಪತಗುಡ್ಡಕ್ಕೆ ಬೆಂಕಿ ಬೀಳೋ ಮೊದಲು ಗ್ರಾಮಸಭೆಯಲ್ಲಿ ಏನು ಬರೆಸಬೇಕು

ಬೇಸಿಗೆಯಲ್ಲಿ ನಮ್ಮ ಗದಗ ಜಿಲ್ಲೆಯ ಈ ಗುಡ್ಡ ಉರಿಯುವಾಗ ವಿಡಿಯೊ ಮಾಡಿ ಸ್ಟೇಟಸ್‌ಗೆ ಹಾಕೋರು ಜಾಸ್ತಿ. ಆಗ ಆಗುವ ಕೆಲಸ ಕಡಿಮೆ. ನಿಜವಾದ ಕೆಲಸ ಇರುವುದು ನವೆಂಬರ್‌ನಲ್ಲಿ, ಅದೂ ಪಂಚಾಯ್ತಿಯಲ್ಲಿ. ಡೋಣಿ, ಕಡಕೋಳದವರು, ಸುತ್ತಲಿನ ತಾಂಡಾದವರು ಇದನ್ನು ಓದಿ ಅಂತ ಬರೀತಿದ್ದೇನೆ.

ಮೊದಲು ಹುಲ್ಲಿನ ಲೆಕ್ಕ. ಮಳೆಗಾಲದಲ್ಲಿ ಎದ್ದ ಬಾದೆ ಹುಲ್ಲು ಸಂಕ್ರಾಂತಿ ದಾಟಿದರೆ ಒಣಗಿ ನಿಂತಿರುತ್ತದೆ, ಒಂದು ಬೀಡಿ ತುಂಡು ಸಾಕು. ಬೆಂಕಿ ಇಳಿಜಾರಿನಲ್ಲಿ ಕೆಳಗಿಂತ ಮೇಲಕ್ಕೇ ಜೋರಾಗಿ ಓಡುತ್ತದೆ. ಗಾಳಿಯಂತೂ ಕೇಳಬೇಡಿ, ವಿಂಡ್‌ಮಿಲ್ ಅಲ್ಲಿ ಸುಮ್ನೆ ನಿಲ್ಲಿಸಿಲ್ಲ ಅಲ್ವಾ? ಸುಟ್ಟರೆ ಹೊಸ ಹುಲ್ಲು ಚೆನ್ನಾಗಿ ಚಿಗುರುತ್ತೆ ಅಂತ ಕೆಲವರು ಬೇಕಂತಲೇ ಕಡ್ಡಿ ಗೀರುತ್ತಾರೆ. ಚಿಗುರುತ್ತದೆ, ಸುಳ್ಳಲ್ಲ. ಆದರೆ ಎಳೆ ಸಸಿ, ಬಿದ್ದ ಬೀಜ, ನೆಲದ ಮೇಲೇ ಗೂಡು ಮಾಡುವ ಕೌಜುಗದ ಮೊಟ್ಟೆ ಎಲ್ಲ ಹೋಗುತ್ತವೆ, ಮೊದಲ ಮಳೆಗೆ ಬೋಳು ಗುಡ್ಡದ ಮಣ್ಣೂ ಕೊಚ್ಚಿ ಕೆಳಗೆ ಬರುತ್ತದೆ.

2019ರಲ್ಲಿ ಇದು ವನ್ಯಜೀವಿಧಾಮ ಆಯಿತು, ಸುಮಾರು 244 ಚದರ ಕಿ.ಮೀ. 1972ರ ವನ್ಯಜೀವಿ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಒಳಗೆ ಬೆಂಕಿ ಹಚ್ಚುವುದು ಅಪರಾಧ. ಹುಲ್ಲು ಕೊಯ್ಯಲೂ ಅನುಮತಿ ಬೇಕು. ನನ್ನ ತಕರಾರು ಇಲ್ಲೇ. ಹುಲ್ಲು ಮುಟ್ಟಬೇಡಿ ಅಂದಮೇಲೆ ಅದು ದನದ ಹೊಟ್ಟೆಗೂ ಹೋಗಲ್ಲ, ಬೆಂಕಿಗೇ ಹೋಗುತ್ತದೆ.

ಹಾಗಾಗಿ ಗ್ರಾಮಸಭೆಯ ಠರಾವಿನಲ್ಲಿ (ನಿರ್ಣಯದಲ್ಲಿ) ಮೊದಲು ಬರೆಸಬೇಕಾದ್ದು ಫೈರ್‌ಲೈನ್. ಅಂದರೆ ಒಣಹುಲ್ಲು ತೆಗೆದ ಪಟ್ಟಿ, ಬೆಂಕಿ ಅಲ್ಲಿಗೆ ಬಂದು ನಿಲ್ಲಬೇಕು. ಬರೀ "ಮಾಡಬೇಕು" ಅಂತ ಬರೆದರೆ ಪ್ರಯೋಜನವಿಲ್ಲ, ಯಾವ ದನದ ದಾರಿಯಿಂದ ಯಾವ ಹಳ್ಳದವರೆಗೆ, ಯಾವ ತಾರೀಖಿನೊಳಗೆ ಅಂತ ಹೆಸರಿಟ್ಟು ಬರೆಸಿ. ಪಟ್ಟಿಯಲ್ಲಿ ಕೊಯ್ದ ಹುಲ್ಲನ್ನು ಊರವರಿಗೇ ಕೊಡಿ ಅಂತಲೂ ಕೇಳಿ. ಕಾವಲುಗಾರರನ್ನು ತಾಂಡಾದಿಂದಲೇ ತಗೊಳ್ಳಲಿ, ಪಗಾರ ತಿಂಗಳಿಗೆ ಸರಿಯಾಗಿ ಕೊಡಲಿ. ಗುಡ್ಡದಂಚಿನ ಹೊಲದವರು ಮೆಕ್ಕೆಜೋಳದ ದಂಟು ಸುಡುವ ಮೊದಲು ಪಂಚಾಯ್ತಿಗೆ ಹೇಳಬೇಕು ಅನ್ನೋದೂ ಇರಲಿ. ಇದಕ್ಕೆ ಬೈಗುಳ ಬರುತ್ತೆ, ಬರಲಿ.

2006ರ ಅರಣ್ಯ ಹಕ್ಕು ಕಾಯ್ದೆಯನ್ನೂ ಬಿಡಬೇಡಿ. ಅದರಲ್ಲಿ ಕಾಡು ಕಾಯುವ ಸಮುದಾಯದ ಹಕ್ಕು ಇದೆ, ಅರ್ಜಿ ನಮೂನೆ 'ಸಿ'. ಪರಿಶಿಷ್ಟ ಪಂಗಡದವರಲ್ಲದವರು, ಅಂದರೆ ನಮ್ಮ ಲಂಬಾಣಿಗಳೂ ಸೇರಿ, 2005ರ ಡಿಸೆಂಬರ್ 13ಕ್ಕೂ ಹಿಂದಿನ 75 ವರ್ಷದಿಂದ ಅಲ್ಲಿದ್ದೆವು ಅಂತ ತೋರಿಸಬೇಕು. ಕಾಗದ ಸಿಗದಿದ್ದರೆ ಹಿರಿಯರ ಹೇಳಿಕೆ ಬರೆಸಿಕೊಳ್ಳಿ, ಅದೂ ಪುರಾವೆಯೇ. ಅವರು ಇರುವಾಗಲೇ ಬರೆಸಿ.

ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಬೆಂಕಿಯ ಎಸ್ಸೆಮ್ಮೆಸ್ ಪುಕ್ಕಟೆ ಕಳಿಸುತ್ತದೆ, ಊರಿನ ನಾಲ್ಕಾರು ಹುಡುಗರು ನೋಂದಾಯಿಸಿಕೊಳ್ಳಲಿ. ಅದನ್ನೇ ನಂಬಿ ಕೂಡ್ರಬೇಡಿ, ಉಪಗ್ರಹ ಮೇಲೆ ಹಾದಾಗ ಮಾತ್ರ ಅದಕ್ಕೆ ಕಾಣುವುದು. ಹೊಗೆ ಕಂಡ ಕೂಡಲೇ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಬೆಂಕಿಯ ಮೇಲ್ಭಾಗಕ್ಕೆ ಮಾತ್ರ ಹೋಗಬೇಡಿ.

ಠರಾವಿಗೆ ಇಲಾಖೆ ಒಪ್ಪಲೇಬೇಕು ಅಂತೇನಿಲ್ಲ. ಅದಕ್ಕೇ ಪ್ರತಿಯನ್ನು ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ), ಅವರ ಮೇಲಿನ ಡಿಎಫ್‌ಒ ಇಬ್ಬರಿಗೂ ಕೊಟ್ಟು ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಫೆಬ್ರವರಿಯಲ್ಲಿ 10 ರೂಪಾಯಿಯ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ, ಎಷ್ಟು ಕಿ.ಮೀ. ಫೈರ್‌ಲೈನ್‌ಗೆ ದುಡ್ಡು ಬಂತು, ಎಲ್ಲೆಲ್ಲಿ ಮಾಡಿದರು ಅಂತ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಅದನ್ನು ಹಿಡಿದು ಪಿಡಿಒ ಜೊತೆಗೇ ಗುಡ್ಡದಲ್ಲಿ ನಡೆದು ನೋಡಿ.