ಹಳೆಯ ಗೇಮ್ ಪತ್ರಿಕೆ ಕೂಡಿಡುವುದು ಹೇಗೆ?

ವಿಡಿಯೊ ಗೇಮ್ ಕ್ಯಾಸೆಟ್ ಕೈಕೊಟ್ಟಾಗ ಬಾಯಿಂದ ಊದಿ, ಮತ್ತೆ ಸಿಕ್ಕಿಸಿ 'ಕಾಂಟ್ರಾ' ಆಡಿದವರಿಗೆಲ್ಲ ಈಗ ನಲವತ್ತರ ಆಸುಪಾಸು. ಮೂವತ್ತು ಜೀವ ಕೊಡುವ 'ಮೇಲೆ ಮೇಲೆ ಕೆಳಗೆ ಕೆಳಗೆ' ಎಂಬ ಬಟನ್ ಗುಟ್ಟು ನಮಗೆ ಪಕ್ಕದ ಮನೆಯ ಅಣ್ಣನಿಂದ ಸಿಕ್ಕಿತ್ತು. ಅಮೆರಿಕದ ಮಕ್ಕಳಿಗೆ ಇಂಥ ಗುಟ್ಟುಗಳನ್ನು ಅಚ್ಚು ಹಾಕಿ ಮನೆಗೇ ಕಳಿಸುತ್ತಿದ್ದದ್ದು 'ನಿಂಟೆಂಡೊ ಪವರ್' ಪತ್ರಿಕೆ. ನಮ್ಮಲ್ಲಿ ಪತ್ರಿಕೆಯ ಗೀಳು ಹತ್ತಿದ್ದು ಸಿಡಿ ಕಾಲದಲ್ಲಿ: 2001ರಲ್ಲಿ ಶುರುವಾದ ಕಂಪ್ಯೂಟರ್ ಪತ್ರಿಕೆ 'ಡಿಜಿಟ್', ಆಮೇಲೆ ಅದೇ ಬಳಗದ ಗೇಮ್ ಪತ್ರಿಕೆ 'ಸ್ಕೋರ್'.

ಮೊದಲು ಬೇಲಿ ಹಾಕಿಕೊಳ್ಳಿ. ಎಲ್ಲವೂ ಬೇಕು ಅಂದರೆ ಮನೆ ತುಂಬುತ್ತದೆ, ಜೇಬು ಖಾಲಿಯಾಗುತ್ತದೆ. 'ನಿಂಟೆಂಡೊ ಪವರ್' ಒಂದೇ 1988ರಿಂದ 2012ರ ಡಿಸೆಂಬರ್‌ವರೆಗೆ 285 ಸಂಚಿಕೆ ತಂದಿದೆ. ಆರಂಭದಲ್ಲಿ ಅದು ಎರಡು ತಿಂಗಳಿಗೊಮ್ಮೆ ಬರುತ್ತಿದ್ದುದರಿಂದ ಮೊದಲ ವರ್ಷದ ಕಟ್ಟು ಆರೇ ಸಂಚಿಕೆ. ಅಷ್ಟೂ ಬೇಡವೆಂದರೆ ಮೊದಲನೆಯದು ಮತ್ತು ಕೊನೆಯದು ಸಾಕು. ಮೊದಲ ಮುಖಪುಟದಲ್ಲಿದ್ದ ಜೇಡಿಮಣ್ಣಿನ ಮಾರಿಯೊನನ್ನು ಕೊನೆಯದರಲ್ಲಿ ಮತ್ತೆ ಕರೆತಂದಿದ್ದಾರೆ.

ಹುಡುಕುವುದು ಎಲ್ಲಿ? ಬೆಂಗಳೂರಿನವರು ಅವೆನ್ಯೂ ರಸ್ತೆ, ಚರ್ಚ್ ಸ್ಟ್ರೀಟ್ ಸುತ್ತಬಹುದು. ಆದರೆ ಇಂಥ ಪತ್ರಿಕೆಗಳಲ್ಲಿ ಹೆಚ್ಚಿನವು ಪುಸ್ತಕದಂಗಡಿವರೆಗೂ ಬರುವುದಿಲ್ಲ, ರದ್ದಿಯವನ ತಕ್ಕಡಿಯಲ್ಲೇ ಕಥೆ ಮುಗಿಯುತ್ತದೆ. ಬಡಾವಣೆಯ ರದ್ದಿ ಅಂಗಡಿಯವರಿಗೆ ಒಂದು ಹಳೇ ಸಂಚಿಕೆ ತೋರಿಸಿ, 'ಇಂಥದ್ದು ಬಂದರೆ ಎತ್ತಿಡಿ' ಎಂದು ನಂಬರ್ ಕೊಟ್ಟು ಬನ್ನಿ. ವಿದೇಶಿ ಸಂಚಿಕೆಗೆ ಇಬೇ ಜಾಲತಾಣವಿದೆ. ಬಿಡಿಯಾಗಿ ತರಿಸಿದರೆ ಅಂಚೆ ಖರ್ಚೇ ಪತ್ರಿಕೆಯ ಬೆಲೆ ಮೀರೀತು, ಕಟ್ಟಾಗಿ ಕೊಳ್ಳಿ.

ದುಡ್ಡು ಕೊಡುವ ಮುನ್ನ ನಡುಪುಟ ಬಿಡಿಸಿ. ಅಲ್ಲಿ ಪಿನ್ನಿನ ಸುತ್ತ ಹರಿದ ಕಾಗದದ ಚೂರು ಸಿಕ್ಕಿಕೊಂಡಿದ್ದರೆ, ಯಾರೋ ಪೋಸ್ಟರ್ ಕಿತ್ತು ಗೋಡೆಗೆ ಅಂಟಿಸಿದ್ದಾರೆ ಎಂದೇ ಅರ್ಥ. ಕೂಪನ್ ಕತ್ತರಿಸಿದ್ದರೆ ಅದರ ಹಿಂಬದಿಯ ಬರಹವೂ ಹೋಯಿತು. ಕೊನೆಯ ಪುಟಗಳನ್ನು ಎಣಿಸಿ. ಎಷ್ಟಿರಬೇಕು ಎಂಬ ಅನುಮಾನವಿದ್ದರೆ ಸ್ಕ್ಯಾನ್ ಪ್ರತಿ ಜೊತೆ ತಾಳೆ ನೋಡಿ. ನಿಂತುಹೋದ ಪತ್ರಿಕೆಗಳ ಸಾವಿರಾರು ಪುಟಗಳನ್ನು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2025ರ ಜನವರಿಯಲ್ಲಿ ಆನ್‌ಲೈನ್‌ನಲ್ಲಿ ಪುಕ್ಕಟೆಯಾಗಿ ತೆರೆದಿಟ್ಟಿದೆ. ಆನ್‌ಲೈನ್ ಮಾರಾಟಗಾರರಿಂದ ಮುಖಪುಟದ ಜೊತೆಗೆ ನಡುಪುಟ, ಬೆನ್ನು, ಹಿಂಬದಿಯ ಫೋಟೊ ಕೇಳಿ.

ಬಾಲ್‌ಪೆನ್ನಿನ ಗೀಚುಗಳಿವೆಯೇ? ವ್ಯಾಪಾರಿಗಳು ಅದನ್ನು ದೋಷ ಅನ್ನುತ್ತಾರೆ. ಚೌಕಾಶಿಗೆ ಒಳ್ಳೆಯ ನೆಪ. ನನಗಂತೂ ಯಾವ ಹಂತ ಗೆದ್ದೆ ಎಂದು ಟಿಕ್ ಹಾಕಿದ ಪ್ರತಿಯೇ ಇಷ್ಟ. ಯಾರೂ ಓದದೆ ಗಾಜಿನ ಪೆಟ್ಟಿಗೆಯಲ್ಲಿಟ್ಟ ಪ್ರತಿ ಗೇಮ್ ಆಡದವರ ಸ್ವತ್ತು!

ಪತ್ರಿಕೆಯ ಜೊತೆ ಸಿಡಿ ಬಂದರೆ, ಬಂದ ದಿನವೇ ಅದರ ಇಮೇಜ್ ಕಾಪಿ, ಅಂದರೆ ಇಡೀ ಸಿಡಿಯ ಯಥಾವತ್ತು ನಕಲು, ಕಂಪ್ಯೂಟರಿನಲ್ಲಿ ಮಾಡಿಟ್ಟುಬಿಡಿ. ದೀಪಕ್ಕೆ ಹಿಡಿದಾಗ ಸೂಜಿಮೊನೆಯಷ್ಟು ಬೆಳಕು ತೂರಿದರೆ ಪದರ ಕಿತ್ತಿದೆ ಅಂತ ಲೆಕ್ಕ.

ಕಾಪಾಡುವುದರಲ್ಲಿ ಮಲೆನಾಡು, ಕರಾವಳಿಯವರಿಗೆ ಕೆಲಸ ಜಾಸ್ತಿ. ಲ್ಯಾಮಿನೇಶನ್ ಬೇಡ, ಸೆಲ್ಲೊಟೇಪ್ ಅಂತೂ ಬೇಡವೇ ಬೇಡ. ಅದರ ಅಂಟು ಹಳದಿಯಾಗಿ ಕಾಗದಕ್ಕೆ ಇಳಿಯುತ್ತದೆ. ಪಿವಿಸಿ ಬಿಟ್ಟು ಪಾಲಿಪ್ರೊಪಿಲೀನ್ ಕವರ್ ತನ್ನಿ, ಬೆನ್ನಿಗೊಂದು ರಟ್ಟು ಕೊಡಿ, ಪೆಟ್ಟಿಗೆಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಅಟ್ಟದ ಬಿಸಿಗಿಂತ ಬೀರುವಿನ ನಡುವಿನ ಖಾನೆ ವಾಸಿ. ಪಿನ್ನು ತುಕ್ಕು ಹಿಡಿದಿದ್ದರೆ ಮೊಂಡು ಚಾಕುವಿನಿಂದ ಕಾಲುಗಳನ್ನು ನೆಟ್ಟಗೆ ಮಾಡಿ, ಹೊರಗೆ ತಳ್ಳಿ, ಅದೇ ತೂತುಗಳಲ್ಲಿ ಹತ್ತಿ ದಾರದಿಂದ ಹೊಲಿಯಿರಿ. ಮಳೆಗಾಲ ಮುಗಿದ ಮೇಲೆ ಎಲ್ಲವನ್ನೂ ಹೊರತೆಗೆದು ನೆರಳಲ್ಲಿ ಗಾಳಿಯಾಡಿಸಿ, ಜೆಲ್ ಪೊಟ್ಟಣ ಬದಲಿಸಿ.