ಪ್ರತಿ ಸಲ ಲೇಬಲ್ ಬಣ್ಣ ಬದಲಾಗುತ್ತಿದೆಯಾ?

ಚಟ್ನಿಪುಡಿ, ಉಪ್ಪಿನಕಾಯಿ ಮಾರುವವರು ದೊಡ್ಡ ಕಂಪನಿಗಳಿಂದ ಮೊದಲು ಕಲಿಯಬೇಕಾದ್ದು ಬಣ್ಣದ ಶಿಸ್ತು. ಟೋನ್ಡ್ ಹಾಲು ಬೇಕಾದಾಗ ಜನ ಕೇಳೋದು "ನೀಲಿ ನಂದಿನಿ" ಅಂತ ತಾನೇ!

ಪ್ರೆಸ್‌ನವರಿಗೆ "ಸ್ವಲ್ಪ ಗಾಢ ಕೆಂಪು" ಅನ್ನಬೇಡಿ. ಪ್ಯಾಂಟೋನ್ ನಂಬರ್ (ಒಂದೊಂದು ಬಣ್ಣಕ್ಕೂ ಇರುವ ಗೊತ್ತಾದ ಸಂಖ್ಯೆ) ಅಥವಾ ಸಿಎಂವೈಕೆ ಅಂಕಿಗಳನ್ನೇ (ಅಚ್ಚಿನ ನಾಲ್ಕು ಶಾಯಿಗಳು ಎಷ್ಟೆಷ್ಟು ಅನ್ನೋ ಲೆಕ್ಕ) ಬರೆದುಕೊಡಿ. ಮೊಬೈಲ್‌ನಲ್ಲಿ ಹೊಳೆಯುವ ಬಣ್ಣ ಶಾಯಿಯಲ್ಲಿ ಮಂಕಾಗುತ್ತೆ, ಹೊಳಪಿಲ್ಲದ ಮ್ಯಾಟ್ ಪೌಚ್ ಮೇಲಂತೂ ಇನ್ನೂ ಮಂಕು. ಹಾಗಾಗಿ ನೀವು ಬಳಸುವ ಪೌಚ್ ಮೇಲೇ ಪ್ರೂಫ್ (ಮಾದರಿ ಅಚ್ಚು) ಹೊಡೆಸಿ, ಹಗಲು ಬೆಳಕಲ್ಲಿ ನೋಡಿ, ಒಪ್ಪಿಗೆಯಾದರೆ ಎರಡು ಪ್ರತಿಗೆ ಸಹಿ ಹಾಕಿ. ಒಂದು ಪ್ರೆಸ್‌ನಲ್ಲಿರಲಿ, ಇನ್ನೊಂದು ನಿಮ್ಮ ಬೀರುವಿನಲ್ಲಿ. ಗೋಡೆಗೆ ಅಂಟಿಸಿದರೆ ಬೆಳಕಿಗೆ ಮಾಸುತ್ತೆ.

ಲೋಗೋವನ್ನು ವಾಟ್ಸಾಪ್‌ನಲ್ಲಿ ಫೋಟೋ ಥರ ಕಳಿಸಿದರೆ ಅಂಚು ಮಸುಕಾಗುತ್ತೆ. ಎಷ್ಟು ದೊಡ್ಡದು ಮಾಡಿದರೂ ಅಂಚು ಮಸುಕಾಗದ ವೆಕ್ಟರ್ ಪಿಡಿಎಫ್ ಮಾಡಿಸಿ, ಡಾಕ್ಯುಮೆಂಟ್ ಆಗಿ ಕಳಿಸಿ.